ಹೀರೋಯಿನ್ ಹಚ್ಚೋ ಸೆಂಟೂ, ನಮ್ಮ ಮಾವನ ಗಂಧದ ಮರವೂ

ಗುಂಡ್ಲುಪೇಟೆಯ ಓದುಗಿಯೊಬ್ಬರು ಕಾರ್ಡು ಬರೆದು ಕೇಳಿದ್ದಾರೆ: ‘ಸಿನಿಮಾ ನಟಿಯರು ಯಾವ ಸೆಂಟು ಹಾಕ್ಕೋತಾರೆ? ಹೆಸರು ಗೊತ್ತಿದ್ರೆ ಬರೀರಿ ಸಾರ್.’

ಪ್ರಶ್ನೆ ಒಂದು ಸಾಲು, ಉತ್ತರ ಒಂದು ಪುಟ! ನಟಿಯರ ಪಕ್ಕ ನಿಂತು ಮೂಸಿ ನೋಡುವ ಭಾಗ್ಯ ಈ ಬಡಪಾಯಿಗೆ ಇನ್ನೂ ಬಂದಿಲ್ಲ. ಆದರೆ ಒಂದು ಸೆಂಟಿನ ಹೆಸರು ಹೇಳಬಲ್ಲೆ. ಪ್ಯಾರಿಸ್‌ನ ಗೆರ್ಲಾಂ ಕಂಪನಿಯವರು 1989ರಲ್ಲಿ ‘ಸಂಸಾರ’ ಅಂತ ಒಂದು ಸೆಂಟು ಬಿಟ್ಟರು. ಹೌದು ಸ್ವಾಮಿ, ಹೆಸರು ನಮ್ಮದೇ! ಅದರ ಜೀವಾಳ ಎರಡು: ಒಂದು ಮಲ್ಲಿಗೆ, ಇನ್ನೊಂದು ಮೈಸೂರು ಸೀಮೆಯ ಗಂಧದೆಣ್ಣೆ. ಚಾಮರಾಜನಗರ 1997ರವರೆಗೂ ಮೈಸೂರು ಜಿಲ್ಲೆಯೊಳಗೇ ಇತ್ತಲ್ಲ! ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡೆಲ್ಲ ಗಂಧದ ಕಾಡೇ. ಅಂದರೆ ನಾವು ಸೌದೆ ಆಯುತ್ತಿದ್ದ ಕಾಡಿನ ಘಮಲು ಪ್ಯಾರಿಸ್ ಹೆಂಗಸರ ಕತ್ತಿನಲ್ಲಿ!

ಇದು ಹೊಸ ಕತೆಯೂ ಅಲ್ಲ. ಟಿಪ್ಪು ಸುಲ್ತಾನ್ 1792ರಲ್ಲೇ ಗಂಧವನ್ನು ರಾಜವೃಕ್ಷ ಅಂತ ಸಾರಿದ. ಆಮೇಲೆ ಮರ ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ್ದೇ ಆಯಿತು. ನಮ್ಮ ಕೊರಡುಗಳು ಹಡಗು ಹತ್ತಿ ಯುರೋಪಿಗೆ ಹೋಗುತ್ತಿದ್ದವು. 1914ರಲ್ಲಿ ಮಹಾಯುದ್ಧ ಶುರುವಾಗಿ ವ್ಯಾಪಾರ ನಿಂತಿತು, ಕೊರಡು ಗುಡ್ಡೆ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಎಂ. ವಿಶ್ವೇಶ್ವರಯ್ಯನವರು ದಿವಾನರು. ಎಣ್ಣೆ ನಾವೇ ತೆಗೆದರಾಯಿತು ಅಂತ 1916ರಲ್ಲಿ ಬೆಂಗಳೂರಲ್ಲಿ, 1917ರಲ್ಲಿ ಮೈಸೂರಲ್ಲಿ ಕಾರ್ಖಾನೆ ಎದ್ದವು. ಸೋಪಿನ ವಿದ್ಯೆ ಕಲಿಯಲು ಎಸ್. ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳಿಸಿದರು. ಅವರು ಬಂದು ಮಾಡಿದ್ದೇ ನಮ್ಮ ಮೈಸೂರ್ ಸ್ಯಾಂಡಲ್ ಸೋಪು. 2025ರಲ್ಲಿ ಅದೇ ಸೋಪಿಗೆ ತಮನ್ನಾ ಭಾಟಿಯಾ ಅವರನ್ನು 6.2 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದಾಗ ಕನ್ನಡದ ನಟಿಯರು ಇರಲಿಲ್ಲವೇ ಅಂತ ಗಲಾಟೆಯೂ ಆಯಿತು. ಗಲಾಟೆ ಆಗಲಿ ಬಿಡಿ. ಆದರೆ ಗಂಧ ಬೆಳೆಯೋರ ಹೆಸರಲ್ಲಿ ಯಾರೂ ಗಲಾಟೆ ಮಾಡಲಿಲ್ಲ!

ಇನ್ನು ಮನೆ ಘಮಲಿನ ವಿಚಾರ. ಒಂದೇ ಕಡ್ಡಿಗೆ ನಮ್ಮಲ್ಲಿ ಮೂರು ಹೆಸರು. ಅಗರಬತ್ತಿ ಅಂದರೆ ಸಂಸ್ಕೃತದ ಅಗರು. ಊದುಬತ್ತಿ ಅಂದರೆ ಅರಬ್ಬರ ‘ಊದ್’. ಗಂಧದಕಡ್ಡಿ ಅಂದರೆ ಅಪ್ಪಟ ನಮ್ಮ ಮೈಸೂರು ಕಡೆಯದು. ಬಾಣಂತಿಯ ತಲೆಗೂದಲಿಗೆ, ಹಸುಗೂಸಿನ ಮೈಗೆ ಹೊಗೆ ಕೊಡುವ ಸಾಂಬ್ರಾಣಿಯ ಅಂಟು ಸುಮಾತ್ರಾ ದ್ವೀಪದ ಮರದ್ದು. ಅಜ್ಜಿ ಕೆಂಡದ ಮೇಲೆ ಚಿಟಿಕೆ ಉದುರಿಸಿದಾಗ ಸಮುದ್ರದಾಚೆಯ ಕಾಡೂ ನಡುಮನೆಗೆ ಬಂತು ಅನ್ನಿ. ವಾಸನೆಗೆ ಜಾತಿ ಇಲ್ಲ, ಗಡಿ ಇಲ್ಲ. ದರ್ಗಾದ ಲೋಬಾನ, ಮಾದಪ್ಪನ ಧೂಪ, ಚರ್ಚಿನ ಧೂಪ — ಕಣ್ಣು ಮುಚ್ಚಿಕೊಂಡರೆ ಎಲ್ಲಾ ನೆಂಟರೇ.

ಅಂಗಡಿಯಲ್ಲಿ ಹತ್ತು ರೂಪಾಯಿಗೆ ಸಿಗುವ ‘ಚಂದನ’ ಕಡ್ಡಿಯಲ್ಲಿ ಚಂದನ ಎಷ್ಟಿರುತ್ತದೆ? ಪಿಯುಸಿ ಅರ್ಧಕ್ಕೇ ಬಿಟ್ಟವನು ನಾನು, ಆದರೂ ಇಷ್ಟು ಕೆಮಿಸ್ಟ್ರಿ ಬಲ್ಲೆ. ಬಿದಿರು ಕಡ್ಡಿಗೆ ಇದ್ದಿಲ ಪುಡಿಯನ್ನು ಜಿಗಟಿನಲ್ಲಿ ಕಲಸಿ ಹೊಸೆಯುತ್ತಾರೆ. ಒಣಗಿಸಿ, ಫ್ಯಾಕ್ಟರಿಯಲ್ಲಿ ಮಾಡಿದ ಸೆಂಟಿನಲ್ಲಿ ಅದ್ದುತ್ತಾರೆ. ಹಳೆ ಮಸಾಲೆ ಬತ್ತಿಯ ಬಾಬತ್ತೇ ಬೇರೆ, ಅದಕ್ಕೆ ಪಶ್ಚಿಮ ಘಟ್ಟದ ಹಾಲ್ಮಡ್ಡಿ ಅಂಟು ಬೇಕು. ನಮ್ಮವ್ವ ಸಾವಿರ ಕಡ್ಡಿಗೆ ಇಷ್ಟು ಅಂತ ಕೂಲಿಗೆ ಹೊಸೆದು ನನ್ನ ಸ್ಕೂಲಿನ ಫೀಜು ಕಟ್ಟಿದ್ದಾಳೆ. ಅವಳ ಅಂಗೈ ಕಪ್ಪು ಹಬ್ಬಕ್ಕೂ ಹೋಗುತ್ತಿರಲಿಲ್ಲ. ಘಮಘಮ ಎಲ್ಲ ಕೊಂಡವರಿಗೆ, ಹೊಸೆದವಳಿಗೆ ಬರೀ ಮಸಿ! ಈಗ ಆ ಕೆಲಸಕ್ಕೂ ಮಿಷಿನ್ ಬಂದಿದೆ.

ಕನೌಜ್‌ನ ಅತ್ತರಿನವರಿಗೂ ಗಂಧದ್ದೇ ಚಿಂತೆ. ತಾಮ್ರದ ಹಂಡೆಯಲ್ಲಿ ಗುಲಾಬಿ ಬೇಯಿಸಿ, ಆ ಆವಿಯನ್ನು ಗಂಧದೆಣ್ಣೆಯಲ್ಲಿ ಹಿಡಿಯುವುದು ಅವರ ಹಳೇ ಪದ್ಧತಿ. ಗಂಧ ದುಬಾರಿಯಾದ ಮೇಲೆ ಅನೇಕರು ಅಗ್ಗದ ಪ್ಯಾರಾಫಿನ್‌ಗೆ ಇಳಿದರು. ಆಸ್ಟ್ರೇಲಿಯಾದವರು ನಮ್ಮ ಜಾತಿ ಗಂಧವನ್ನೇ ಎಕರೆಗಟ್ಟಲೆ ಬೆಳೆದು ಮಾರುತ್ತಿದ್ದಾರೆ. ಹಾಗಾದರೆ ನಮ್ಮ ಗಂಧ ಎಲ್ಲಿ ಹೋಯಿತು?

ಸಿನಿಮಾ ನೋಡೋರಿಗೆ ಇದನ್ನ ಬಿಡಿಸಿ ಹೇಳಬೇಕೆ? 1973ರ ‘ಗಂಧದ ಗುಡಿ’ಯಲ್ಲಿ ಅಣ್ಣಾವ್ರು ಅರಣ್ಯಾಧಿಕಾರಿ, ಕೊನೆಗೆ ಗೆದ್ದದ್ದು ಕಾಡು. ಚಾಮರಾಜನಗರ ಸೀಮೆಯ ನಿಜವಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು 1991ರ ನವೆಂಬರ್‌ನಲ್ಲಿ ವೀರಪ್ಪನ್ ಕೊಂದ. 2000ದ ಜುಲೈ 30ರ ರಾತ್ರಿ ಅದೇ ವೀರಪ್ಪನ್ ಗಾಜನೂರಿನಿಂದ ಅಣ್ಣಾವ್ರನ್ನೇ ಹೊತ್ತೊಯ್ದ. 108 ದಿನ ನಾಡೇ ಉಸಿರು ಹಿಡಿದು ಕೂತಿತ್ತು. ತೆರೆ ಮೇಲೆ ಗಂಧ ಕಾಯ್ದವರನ್ನು ಗಂಧದ ಕಳ್ಳನೇ ಕಾಡಲ್ಲಿ ಕೂಡಿಹಾಕಿದ! ಯಾವ ಕತೆಗಾರನೂ ಇಂಥದ್ದು ಬರೆಯಲಾರ, ಬರೆದರೆ ಪ್ರೊಡ್ಯೂಸರ್ ಒಪ್ಪಲಾರ. 2004ರ ಅಕ್ಟೋಬರ್ 18ಕ್ಕೆ ವೀರಪ್ಪನ್ ಕತೆ ಮುಗಿಯಿತು. ಅಷ್ಟರಲ್ಲಿ ಬಲಿತ ಮರಗಳ ಕತೆಯೂ ಮುಕ್ಕಾಲು ಮುಗಿದಿತ್ತು.

2001ರಲ್ಲಿ ಕಾನೂನು ಬದಲಾಯಿತು. ಹೊಲದಲ್ಲಿ ಬೆಳೆದ ಗಂಧಕ್ಕೆ ಹೊಲದವನೇ ಒಡೆಯ. ಅದನ್ನು ನಂಬಿ ತೆರಕಣಾಂಬಿ ಕಡೆ ನಮ್ಮ ಸೋದರಮಾವ ನಲವತ್ತು ಗಿಡ ನೆಟ್ಟ. ಈಗ ಹದಿನಾಲ್ಕು ವರ್ಷದ ಮರಗಳು. ಗಂಧ ಒಂಟಿಯಾಗಿ ಬದುಕುವ ಮರವಲ್ಲ. ಪಕ್ಕದ ಗಿಡದ ಬೇರಿಗೆ ಬೇರು ಹಾಕಿ ಹೀರಬೇಕು. ಎಲೆಗೆ ವಾಸನೆಯಿಲ್ಲ, ತೊಗಟೆಗಿಲ್ಲ. ಒಳಗಿನ ಚೇಗಿಗೆ ಮಾತ್ರ, ಬೇರಿಗೆ ಇನ್ನೂ ಜಾಸ್ತಿ. ಚೇಗು ಬಲಿಯಲು ಇನ್ನೂ ವರ್ಷಗಳು ಬೇಕು. ಅಲ್ಲಿಯವರೆಗೆ ಕಾಯೋರು ಯಾರು?

ಹೋದ ತಿಂಗಳು ಹೋದಾಗ ಮಾವ ಹೊಲದಲ್ಲೇ ಮಂಚ ಹಾಕಿಕೊಂಡಿದ್ದ.

‘ಯಾಕ್ ಮಾವ, ಮನೇಲಿ ಮಲಗಕ್ಕಿಲ್ವಾ?’

‘ಹೆಂಗ್ ಮಲಗಾನಪ್ಪ? ಆನೆ ಬಂದ್ರೆ ತಮಟೆ ಬಡೀಬೋದು, ಹಂದಿ ಬಂದ್ರೆ ಕೂಗಾಕ್ಬೋದು. ಗರಗಸ ಹಿಡ್ಕಂಡು ಬರೋನ್ಗೆ ಏನ್ ಮಾಡಾನ? ಮಗಳ ಮದ್ವೆ ಈ ಮರದಲ್ಲೇ ಅದೆ ಕಣಪ್ಪ.’

ಈಗಲೇ ಕಡಿದು ಕೊಡು ಅಂತ ದಲ್ಲಾಳಿಯೊಬ್ಬ ಎರಡು ಸಲ ಬಂದು ಹೋಗಿದ್ದಾನೆ. ರೇಟು ಮಾತ್ರ ಸೌದೆಗಿಂತ ಒಂದು ಕೈ ಮೇಲೆ, ಅಷ್ಟೆ. ಕಾದರೆ ಕಳ್ಳನ ಭಯ, ಕಡಿದರೆ ಹದಿನಾಲ್ಕು ವರ್ಷ ಮಣ್ಣುಪಾಲು. ಪಕ್ಕದ ಹೊಲದವರು ಬುದ್ಧಿವಂತರು, ಚೆಂಡುಹೂ ಹಾಕಿದ್ದಾರೆ. ಓಣಂ ಮುಂಚೆ ಕೇರಳದ ಮಂದಿ ಕಾರು ನಿಲ್ಲಿಸಿ, ದುಡ್ಡು ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಹೂವು ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಅದಕ್ಕೆ ಕಾವಲು ಬೇಕಿಲ್ಲ. ಗಂಧದ ನಾಡಲ್ಲಿ ಗಂಧ ಬೆಳೆಯುವವನೇ ದಡ್ಡ ಅನ್ನೋ ಹಾಗಾದರೆ ಇನ್ನು ಯಾರು ನೆಡುತ್ತಾರೆ ಹೇಳಿ? ಕಾನೂನು ಮರ ಕೊಟ್ಟಿತು, ನಿದ್ದೆ ಕೊಡಲಿಲ್ಲ. ಊರಿಗೊಂದು ಕಾವಲು, ಸುಲಭದ ವಿಮೆ, ನೇರವಾಗಿ ಕೊಳ್ಳುವ ಬಾಗಿಲು — ಮಾವನಂಥವರಿಗೆ ಬೇಕಾದ್ದು ಇಷ್ಟೇ.

ಗುಂಡ್ಲುಪೇಟೆಯ ತಂಗ್ಯಮ್ಮ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಟಿಯರ ಸೆಂಟು ಸಾವಿರಗಟ್ಟಲೆ ರೂಪಾಯಿಯದು, ನಿಮಗೂ ಬೇಡ, ನನಗೂ ಬೇಡ. ಚಾಮರಾಜನಗರದ ಚೆನ್ನೀಪುರದಮೋಳೆ ಹೂವಿನ ಮಾರುಕಟ್ಟೆಗೆ ಬೆಳಿಗ್ಗೆ ಹೋಗಿ, ಮಲ್ಲಿಗೆ ತನ್ನಿ. ಮಲ್ಲಿಗೆ ಜೊತೆ ಒಂದೆಳೆ ಮರುಗ ಸೇರಿಸಿ ಕಟ್ಟಿ ಮುಡಿಯಿರಿ. ಬಿಳಿಗಿರಿ ಬೆಟ್ಟಕ್ಕೆ ಹೋದರೆ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆಯ ಮರ ನೋಡಿ ಬನ್ನಿ. ಹೂ ಬಿಟ್ಟ ಕಾಲವಾದರೆ ಸೆಂಟಿನ ಶೋಕಿಯೇ ಬಿಟ್ಟು ಹೋಗುತ್ತದೆ. ಗಂಧದಕಡ್ಡಿ ಕೊಳ್ಳುವಾಗ ಮಾತ್ರ ಪೊಟ್ಟಣ ತಿರುಗಿಸಿ, ಒಳಗೇನಿದೆ ಅಂತ ಬರೆದಿದ್ದಾರಾ ನೋಡಿ. ಬರೆದಿಲ್ಲದಿದ್ದರೆ ಅಂಗಡಿಯವನನ್ನೇ ಕೇಳಿ.

ಮಾವನಿಗೆ ಈ ಪತ್ರಿಕೆಯ ಒಂದು ಪ್ರತಿ ಕಳಿಸುತ್ತಿದ್ದೇನೆ. ರಾತ್ರಿ ಕಾವಲಿಗೆ ಕೂತಾಗ ಓದಲಿ.