ಕಾಲು ನೋಡ್ರಪ್ಪಾ, ಕಾಲು!

ನಾನು ಆಡೋ ವೀಕೆಂಡ್ ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಡಿಫೆನ್ಸ್ ಬಗ್ಗೆ ಸಿಗೋ ಉಪದೇಶ ಒಂದೇ: "ಬಗ್ಗು, ಸ್ಲೈಡ್ ಮಾಡು, ಕಾಲು ಮಾತ್ರ ಕ್ರಾಸ್ ಮಾಡಬೇಡ." ವೇದವಾಕ್ಯದ ಹಾಗೆ ಎಲ್ಲರೂ ಇದನ್ನೇ ಹೇಳ್ತಾರೆ. ಒಳ್ಳೆಯ ಡಿಫೆಂಡರುಗಳ ಪಾದ ನೋಡಿದವರು ಮಾತ್ರ ಕಮ್ಮಿ.

2022ರಲ್ಲಿ ಮಾರ್ಕಸ್ ಸ್ಮಾರ್ಟ್ ಎನ್‌ಬಿಎ ವರ್ಷದ ಡಿಫೆಂಡರ್ ಆದ. 1996ರಲ್ಲಿ ಗ್ಯಾರಿ ಪೇಟನ್‌ಗೆ ಸಿಕ್ಕ ಮೇಲೆ ಗಾರ್ಡ್ ಒಬ್ಬನಿಗೆ ಆ ಪ್ರಶಸ್ತಿ ಬಂದಿದ್ದು ಆಗಲೇ. ಅವನ ವಿಡಿಯೋ ಹಾಕಿ, ವೇಗ ಇಳಿಸಿ, ಚೆಂಡು ಮರೆತು ಶೂ ಮಾತ್ರ ನೋಡಿ. ಬಲಕ್ಕೆ ಹೋಗುವಾಗ ದುಡಿಯೋದು ಎಡಗಾಲು. ಅದು ನೆಲವನ್ನು ಎಡಕ್ಕೆ ಒದ್ದರೆ ಮೈ ಬಲಕ್ಕೆ ಚಿಮ್ಮುತ್ತೆ. ನಾವೆಲ್ಲ ಬಾಯಿಪಾಠ ಮಾಡಿದ ನ್ಯೂಟನ್ನನ ಮೂರನೇ ನಿಯಮ.

ಎದುರಾಳಿ ಅರ್ಧ ಹೆಜ್ಜೆ ದಾಟಿದನೋ, ಸೊಂಟ ತಿರುಗಿಸಿ, ಕಾಲು ಕ್ರಾಸ್ ಮಾಡಿಯೇ ಓಡಬೇಕು. ದಾರಿಗೆ ಅಡ್ಡ ಬಂದ ಮೇಲೆ ಮತ್ತೆ ಸ್ಲೈಡ್. ಹಗ್ಗ ಬಿಚ್ಕೊಂಡು ಓಡಿದ ಕರುವನ್ನು ಏಡಿ ಥರ ಅಡ್ಡ ನಡೆದು ಹಿಡಿದವರನ್ನ ನಮ್ಮೂರಲ್ಲಂತೂ ನಾನು ಕಂಡಿಲ್ಲ.

ಎದುರಾಳಿ ಮುಂದೆಯೇ ನಿಂತಿದ್ದಾಗ ಕ್ರಾಸ್ ಮಾಡಿದರೆ ಬ್ಯಾಲೆನ್ಸ್ ಹೋಗುತ್ತೆ, ನಿಜ. ಆದರೆ ಆ ಕಂಡಿಷನ್ ಕಿತ್ತುಹಾಕಿ ಬರೀ ನಿಯಮ ಕಲಿಸೋದು 'ಇಫ್' ಇಲ್ಲದ ಕೋಡ್ ಬರೆದಂಗೆ. ಹುಡುಗರು ವರ್ಷಗಟ್ಟಲೆ ಕೋನ್‌ಗಳ ನಡುವೆ ಸ್ಲೈಡ್ ಮಾಡಿ, ಪಂದ್ಯದ ಮೊದಲ ಡ್ರೈವ್‌ಗೇ ಹಿಂದೆ ಬಿದ್ದು, "ನಂಗೆ ಸ್ಪೀಡ್ ಇಲ್ಲ" ಅಂತ ಬೆಂಚಿನಲ್ಲಿ ಕೂರ್ತಾರೆ. ಸ್ಪೀಡ್ ಇದೆ ಕಣ್ರೀ. ಅದನ್ನ ಕಟ್ಟಿಹಾಕಿರೋದು ನಿಮ್ಮ ಉಪದೇಶ.