ವಿಶ್ವಾಸವೂ ಉಸಿರೂ



ವಿಶ್ವಾಸವೆಂಬ ಶಬ್ದವನ್ನು ನಾವು ದಿನಕ್ಕೆ ಹತ್ತು ಸಲ ಆಡುವೆವು. ಅದರ ಮೂಲವನ್ನು ವಿಚಾರಿಸುವವರು ವಿರಳ. ಉಸಿರಾಡುವುದೆಂಬ ಅರ್ಥವುಳ್ಳ ‘ಶ್ವಸ್’ ಧಾತುವಿಗೆ ‘ವಿ’ ಉಪಸರ್ಗವು ಸೇರಿ ಈ ಪದವಾಯಿತು. ನಿರ್ಭಯವಾಗಿ ಉಸಿರಾಡುವುದೇ ವಿಶ್ವಾಸ. ಇದಕ್ಕೆ ದೃಷ್ಟಾಂತವಾಗತಕ್ಕ ಕನ್ನಡಿಗರೊಬ್ಬರ ವೃತ್ತಾಂತವುಂಟು.

ಶಿಡ್ಲಘಟ್ಟದಲ್ಲಿ 1946ರಲ್ಲಿ ಜನಿಸಿ ಮೈಸೂರಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡಿದ ಎನ್. ಆರ್. ನಾರಾಯಣಮೂರ್ತಿಗಳು ಪ್ಯಾರಿಸ್ ನಗರದಲ್ಲಿ ಕೆಲಕಾಲ ಉದ್ಯೋಗದಲ್ಲಿದ್ದು, 1974ರಲ್ಲಿ ಸ್ವದೇಶಕ್ಕೆ ಹೊರಟರು. ಬೆನ್ನಿಗೊಂದು ಚೀಲ, ದಾರಿಯಲ್ಲಿ ಸಿಕ್ಕವರ ವಾಹನವೇ ವಾಹನ. ಯುಗೋಸ್ಲಾವಿಯದ ನಿಶ್ ಎಂಬ ಊರಿನಲ್ಲಿ ರೈಲು ಹತ್ತಿ, ಸಹಪ್ರಯಾಣಿಕಳಾದ ತರುಣಿಯೊಡನೆ ಫ್ರೆಂಚ್ ಭಾಷೆಯಲ್ಲಿ ಮಾತಿಗೆ ತೊಡಗಿದರು. ಇವರು ಬಲ್ಗೇರಿಯದ ಸರಕಾರವನ್ನು ನಿಂದಿಸುತ್ತಿರುವರೆಂದು ಜೊತೆಯಲ್ಲಿದ್ದ ಯುವಕನು ಶಂಕಿಸಿ ಪೋಲೀಸರನ್ನು ಕರೆದನು. ಎಂಟಡಿ ಉದ್ದಗಲದ ಚಳಿಗೋಣೆಯಲ್ಲಿ ಅನ್ನನೀರಿಲ್ಲದೆ 72 ಗಂಟೆಗಳಿಗೂ ಮಿಕ್ಕಿ ಸೆರೆಯಾಯಿತು. ಬಳಿಕ, ಮಿತ್ರರಾಷ್ಟ್ರವಾದ ಭಾರತದವರೆಂಬ ಕಾರಣದಿಂದ ಬಿಡುವೆವೆಂದು ಹೇಳಿ, ಸರಕು ಸಾಗಿಸುವ ರೈಲಿನಲ್ಲಿ ಇಸ್ತಾಂಬುಲಿಗೆ ಕಳುಹಿದರು.

ಗುರುತಿಲ್ಲದ ದಾರಿಹೋಕರು ನಂಬಿ ಹತ್ತಿಸಿಕೊಂಡರು; ಒಂದು ಮಾತಿಗೆ ಅಂಜಿದ ರಾಜ್ಯವು ಬೀಗ ಜಡಿಯಿತು. ಸಮತಾವಾದದಲ್ಲಿದ್ದ ತಮ್ಮ ಒಲವು ಅಲ್ಲಿಯೇ ಅಳಿಯಿತೆಂದೂ, ಉದ್ಯಮವನ್ನು ಕಟ್ಟಿ ಉದ್ಯೋಗ ಕೊಡುವುದೇ ಬಡತನಕ್ಕೆ ಮದ್ದೆಂದು ಮನಗಂಡೆವೆಂದೂ ಅವರು ಮುಂದೆ ಹೇಳಿರುವರು.

1981ರಲ್ಲಿ ಪುಣೆಯಲ್ಲಿ ಆರು ಮಂದಿ ಸಂಗಡಿಗರೊಡನೆ ಇನ್ಫೋಸಿಸ್ ಸಂಸ್ಥೆಯನ್ನು ಆರಂಭಿಸಿದರು. ಮೂಲಧನವು ಪತ್ನಿ ಸುಧಾ ಮೂರ್ತಿಯವರು ಕೂಡಿಟ್ಟಿದ್ದ 10,000 ರೂಪಾಯಿ. ಎರಡು ವರ್ಷಗಳಲ್ಲಿ ಸಂಸ್ಥೆಯು ಬೆಂಗಳೂರಿಗೆ ಬಂದಿತು. ಆ ಎರಡು ನಗರಗಳನ್ನು ಕೂಡಿಸುವ ಹೆದ್ದಾರಿಯೇ ನಮ್ಮ ಭರಮಸಾಗರದ ಮೇಲೆ ಹಾದುಹೋಗುವುದು.

ನಿಜವಾದ ಪರೀಕ್ಷೆಯು ಒದಗಿದುದು 1990ರಲ್ಲಿ. ಹತ್ತು ಲಕ್ಷ ಡಾಲರಿಗೆ ಸಂಸ್ಥೆಯನ್ನು ಕೊಳ್ಳಲು ಒಬ್ಬರು ಮುಂದೆ ಬಂದರು. ಒಂಬತ್ತು ವರ್ಷ ದುಡಿದು ಬಳಲಿದ್ದ ಸಂಗಡಿಗರ ಮನಸ್ಸು ಮಾರುವ ಕಡೆಗೇ ವಾಲಿತು. ಮೂರ್ತಿಗಳು ಅವರನ್ನು ಹಳಿಯಲಿಲ್ಲ, ಕಟ್ಟಿಹಾಕಲಿಲ್ಲ. ಹೋಗುವವರಿದ್ದರೆ ಅವರೆಲ್ಲರ ಪಾಲನ್ನೂ ತಾವೇ ಕೊಳ್ಳುವೆವೆಂದರು. ಕೈಯಲ್ಲಿ ಕಾಸಿರಲಿಲ್ಲ! ಒಂದು ಗಂಟೆಯ ವಾದವಾದ ಮೇಲೆ ಎಲ್ಲರೂ ಉಳಿಯಲು ಒಪ್ಪಿದರು. 1994ರಲ್ಲಿ ನೌಕರರಿಗೂ ಷೇರುಗಳ ಪಾಲು ದೊರಕುವ ಏರ್ಪಾಡಾಯಿತು. 2002ರಲ್ಲಿ ಮೂರ್ತಿಗಳು ಮುಖ್ಯಾಧಿಕಾರವನ್ನು ಸಂಗಡಿಗರಾದ ನಂದನ್ ನಿಲೇಕಣಿಯವರಿಗೆ ಒಪ್ಪಿಸಿದರು. 2024ರ ಹೊತ್ತಿಗೆ ಅಲ್ಲಿ ದುಡಿಯುವವರ ಸಂಖ್ಯೆ ಮೂರು ಲಕ್ಷವನ್ನು ಮೀರಿತ್ತು.

ಇಷ್ಟು ದೊಡ್ಡವರ ಮಾತು ನಮ್ಮಂಥ ಗೃಹಸ್ಥರಿಗೇಕೆಂದು ಕೇಳಬಹುದು. ನಮ್ಮ ಪೇಟೆಯ ಅಂಗಡಿಗಳನ್ನೇ ನೋಡಿರಿ. ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಎಪ್ಪತ್ತರ ಯಜಮಾನರು ಉಡಿದಾರಕ್ಕೆ ಕಟ್ಟಿಕೊಂಡಿರುವರು. ನಲವತ್ತರ ಮಗನು ಚಿಲ್ಲರೆಗೂ ಕೈಯೊಡ್ಡಬೇಕು. ಮಗನಿಗೆ ವ್ಯವಹಾರ ತಿಳಿಯದೆಂದು ಕೊರಗುವವರೂ ಅವರೇ! ಕೈಗೆ ಕೊಡದ ವ್ಯವಹಾರವು ತಲೆಗೆ ಹತ್ತುವುದೆಂತು? ಅಡಿಗೆಮನೆಯ ಉಗ್ರಾಣದಲ್ಲಿ ಸೊಸೆಯ ಪಾಡೂ ಇದೇ.

ಕಣ್ಣು ಮುಚ್ಚಿ ನಂಬಬೇಕೆಂದು ನಾವು ಹೇಳುವುದಿಲ್ಲ. ಲೆಕ್ಕವನ್ನು ಕೇಳುವುದು ಧರ್ಮವೇ. ಆದರೆ ತಿಂಗಳಿಗೊಮ್ಮೆ ಲೆಕ್ಕ ಕೇಳುವುದು ಬೇರೆ, ಗಳಿಗೆಗೊಮ್ಮೆ ಶಂಕಿಸುವುದು ಬೇರೆ. ಮೊದಲನೆಯದರಲ್ಲಿ ಮನುಷ್ಯನು ಬೆಳೆಯುವನು. ಎರಡನೆಯದರಲ್ಲಿ ಮನೆಯೇ ಎಂಟಡಿಯ ಕೋಣೆಯಾಗುವುದು. ಬೀಗದ ಕೈ ಎಂದಾದರೂ ಕೈ ಬದಲಾಯಿಸಲೇಬೇಕು. ನಾವು ಎದುರಿಗಿದ್ದು ತಿದ್ದಬಲ್ಲ ಕಾಲದಲ್ಲಿಯೇ ಅದನ್ನು ಕೊಡುವುದು ಲೇಸಲ್ಲವೇ?