ಮೊದಲು ನಿಲ್ಲಬೇಕಾದವರು

ಯಾದಗಿರಿಯು 2009ರ ಡಿಸೆಂಬರಿನಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯೆನಿಸಿದಂದಿನಿಂದ ಅಲ್ಲಿಗೆ ಕಚೇರಿಗಳು ಬಂದವು, ಅಧಿಕಾರಿಗಳು ಬಂದರು, ಅವರನ್ನು ಕಾಣಲು ಹಳ್ಳಿಹಳ್ಳಿಗಳಿಂದ ಬರತಕ್ಕ ಜನರೂ, ಆ ಜನರನ್ನು ಹೊತ್ತು ತರುವ ಬಸ್ಸು, ಕ್ರೂಸರ್, ಟಂಟಂ, ಕಾರುಗಳೂ ಬಂದವು. ಬೀದಿಗಳ ಅಗಲ ಮಾತ್ರ ಆ ಪ್ರಮಾಣದಲ್ಲಿ ಬೆಳೆಯಲಿಲ್ಲ. ಗಾಂಧಿ ಚೌಕದ ಸುತ್ತಣ ಓಣಿಗಳು ಎತ್ತಿನ ಬಂಡಿಯೂ ಪಾದಚಾರಿಯೂ ಒಬ್ಬರಿಗೊಬ್ಬರು ಸರಿದು ದಾರಿ ಬಿಡುತ್ತಿದ್ದ ಕಾಲದವು. ಸುರಪುರದ ಬೀದಿಗಳಂತೂ ನಾಯಕ ಅರಸರ ಆಳ್ವಿಕೆಯಲ್ಲಿ, ಗುಡ್ಡಗಳ ನಡುವೆ, ನೆಲದ ಏರಿಳಿತವನ್ನೇ ಅನುಸರಿಸಿ ಹುಟ್ಟಿದವು. ಶಹಾಪುರವನ್ನು ಬೀದರ–ಶ್ರೀರಂಗಪಟ್ಟಣ ಹೆದ್ದಾರಿಯೆಂದು ಜನ ಹಿಂದಿನಿಂದ ಕರೆಯುತ್ತ ಬಂದ ಮಹಾಮಾರ್ಗವು ಹಾದುಹೋಗಿದೆ. ಜಿಲ್ಲೆಯ ಈ ಮೂರೂ ಊರುಗಳಲ್ಲಿ ಸೈಕಲ್ಲಿನವರಿಗೂ ಮೋಟಾರು ವಾಹನದವರಿಗೂ ದಿನವೂ ನಡೆಯುವ ಕಲಹವನ್ನು ಕುರಿತು ಬರೆಯಬೇಕೆಂಬ ಇಚ್ಛೆ ನನಗೆ ಬಹುಕಾಲದಿಂದ ಇದ್ದಿತು. ಏಕೆಂದರೆ ಈ ಕಲಹದಲ್ಲಿ ಸೋಲುವವರು ಯಾರೆಂಬುದು ಮೊದಲೇ ನಿಶ್ಚಿತವಾಗಿದ್ದು, ಅವರ ಪರವಾಗಿ ಮಾತನಾಡುವವರು ವಿರಳರಾಗಿದ್ದಾರೆ.

ಬೆಂಗಳೂರಿನಲ್ಲಿ ಸೈಕಲ್ ಸವಾರರೆಂದರೆ ಮುಂಜಾನೆಯ ವ್ಯಾಯಾಮಕ್ಕೆ ಶಿರಸ್ತ್ರಾಣ ಧರಿಸಿ ಹೊರಟವರ ಚಿತ್ರವು ಕಣ್ಣೆದುರಿಗೆ ಬರಬಹುದು. ವಿಜಯಪುರ, ಬಾಗಲಕೋಟೆಗಳಲ್ಲಿ ಅದು ಕ್ರೀಡೆಯೂ ಹೌದು. ಆ ಎರಡು ಜಿಲ್ಲೆಗಳ ಹಳ್ಳಿಗಳಿಂದ ಬಂದ ತರುಣ ತರುಣಿಯರು ನಾಡಿಗೆ ಕೀರ್ತಿ ತಂದಿದ್ದಾರೆ. ಯಾದಗಿರಿಯ ಸೀಮೆಯಲ್ಲಿ ಸೈಕಲ್ಲು ಜೀವನೋಪಾಯದ ಸಾಧನ. ಹ್ಯಾಂಡಲಿನ ಎರಡೂ ಕಡೆಗೆ ಹಾಲಿನ ಕ್ಯಾನುಗಳನ್ನು ತೂಗಹಾಕಿಕೊಂಡು ಬರುವವನು, ಬೆಳಕು ಹರಿಯುವ ಮುನ್ನವೇ ಗಂಜ್ ಮಾರುಕಟ್ಟೆಯ ಕಡೆಗೆ ಹೊರಟ ಹಮಾಲ, ಬುತ್ತಿಯ ಗಂಟನ್ನು ಹ್ಯಾಂಡಲಿಗೆ ಸಿಕ್ಕಿಸಿಕೊಂಡ ಗೌಂಡಿ, ತನ್ನ ಎತ್ತರಕ್ಕೆ ಮೀರಿದ ಸೈಕಲ್ಲಿನ ಮೇಲೆ ಶಾಲೆಗೆ ಹೊರಟ ಬಾಲಕ: ಇವರೇ ಇಲ್ಲಿಯ ಸವಾರರು. ಬೇರೆ ಗಾಡಿ ಕೊಳ್ಳಲಾರದುದರಿಂದ ಇವರು ಸೈಕಲ್ಲಿನ ಮೇಲಿದ್ದಾರೆ. ಹೀಗಿರುವಲ್ಲಿ ಇವರ ಮೇಲೆ ಹಾರ್ನ್ ಮೊಳಗಿಸುವುದೆಂದರೆ ಅವರ ದಾರಿದ್ರ್ಯವನ್ನು ಕುರಿತು ನಡುಬೀದಿಯಲ್ಲಿ ಗದರಿದಂತಾಗುತ್ತದೆ.

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ನಾನು ಕಂಡ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ಕ್ಯಾರಿಯರಿಗೆ ಗುದ್ದಲಿ, ಪುಟ್ಟಿಗಳನ್ನು ಬಿಗಿದುಕೊಂಡ ನಡುವಯಸ್ಸಿನ ಕೂಲಿಯೊಬ್ಬನು ಎಡಬದಿಯಲ್ಲಿಯೇ ನಿಧಾನವಾಗಿ ಹೋಗುತ್ತಿದ್ದನು. ಮುಂದೆ ಬಾಳೆಹಣ್ಣಿನ ತಳ್ಳುಬಂಡಿ ನಿಂತಿತ್ತು. ಅದರ ಪಕ್ಕದಲ್ಲಿ ಯಾರದೋ ಮನೆಯ ಕೆಲಸಕ್ಕೆಂದು ಸುರಿದ ಉಸುಕು ಡಾಂಬರಿನ ಮೇಲಕ್ಕೂ ಹರಡಿತ್ತು. ಸೈಕಲ್ಲಿನ ಗಾಲಿ ಉಸುಕಿನೊಳಕ್ಕೆ ಇಳಿದರೆ ಹೊರಳುವುದು ನಿಶ್ಚಯವೆಂದು ಅವನು ತುಸು ಬಲಕ್ಕೆ ಸರಿಯುತ್ತಲೇ ಹಿಂದಿನ ಕಾರು ಅಬ್ಬರಿಸಿತು. ಗಾಜನ್ನು ಇಳಿಸಿದ ಚಾಲಕನು, ವಯಸ್ಸಿನಲ್ಲಿ ಅವನ ಮಗನಂತಿದ್ದವನು, “ಏ, ಬಾಜೂಕ ಸರಿಯಲೇ!” ಎಂದು ಕೂಗಿದನು. ಸವಾರನು ಒಂದು ಕಾಲನ್ನು ನೆಲಕ್ಕೂರಿ ಹಿಂದಿರುಗಿ ನೋಡಿ, “ಎಲ್ಲಿ ಸರೀಲ್ರೀ ಸಾಹುಕಾರ್ರ, ನೀವ ಹೇಳ್ರಿ” ಎಂದನು. ಏಕವಚನಕ್ಕೆ ಬಹುವಚನದಲ್ಲಿ ದೊರೆತ ಆ ಉತ್ತರದಲ್ಲಿ ಕೋಪವಿರಲಿಲ್ಲ, ವ್ಯಂಗ್ಯವಿರಲಿಲ್ಲ. ಅವನು ನಿಜವಾಗಿಯೂ ಸರಿಯಲು ಜಾಗವನ್ನು ಕೇಳುತ್ತಿದ್ದನು.

ಚಾಲಕನಿಗೆ ಸವಾರನ ಬೆನ್ನು ಕಾಣುತ್ತದೆ, ಸವಾರನಿಗೆ ಕಾಣುವ ನೆಲ ಕಾಣುವುದಿಲ್ಲ. ರಸ್ತೆಯ ಅಂಚಿನಲ್ಲಿ ಒಡೆದು ನಿಂತ ಡಾಂಬರಿನ ತುಟಿ, ಚರಂಡಿಯ ಮುಚ್ಚಳಗಳ ನಡುವಣ ಸಂದು, ಮಳೆಗಾಲದಲ್ಲಿ ನೀರು ನಿಂತು ಆಳ ತಿಳಿಯದಂತಾದ ತಗ್ಗು, ಗಾಜಿನ ಚೂರು: ಇವೆಲ್ಲ ನಾಲ್ಕು ಗಾಲಿಯ ಮೇಲೆ ಕುಳಿತವನಿಗೆ ಇಲ್ಲದ ಲೋಕ. ಸವಾರನು ಅಡ್ಡಾದಿಡ್ಡಿ ಹೋಗುತ್ತಾನೆಂದು ಆಕ್ಷೇಪಿಸುವವರು, ಒಂದು ದಿನ ಅದೇ ಅಂಚಿನಲ್ಲಿ ಸೈಕಲ್ ತುಳಿದು ನೋಡಿದ ಮೇಲೆ ಆಕ್ಷೇಪಿಸುವುದಾದರೆ ಆಕ್ಷೇಪಿಸಲಿ. ಇನ್ನೊಂದು ಮಾತು. ಬ್ರೇಕಿನ ಮೇಲೆ ಕಾಲಿಟ್ಟು ತೆಗೆದರೆ ಕಾರು ಪುನಃ ಓಡುತ್ತದೆ, ಖರ್ಚಾಗುವುದು ಒಂದು ಹನಿ ಪೆಟ್ರೋಲು. ಹೊರೆ ಹೊತ್ತ ಸೈಕಲ್ಲನ್ನು ನಿಲ್ಲಿಸಿದರೆ ಅದನ್ನು ಮತ್ತೆ ಚಲಿಸುವಂತೆ ಮಾಡಬೇಕಾದುದು ಮನುಷ್ಯನ ಮೊಣಕಾಲು. ವೈಶಾಖದ ಬಿಸಿಲಿನಲ್ಲಿ, ಉಷ್ಣಮಾನ 42 ಡಿಗ್ರಿ ದಾಟುವ ಈ ಸೀಮೆಯಲ್ಲಿ, ಆ ಮೊಣಕಾಲಿಗೆ ಒಮ್ಮೆ ಶ್ರಮ ತಪ್ಪಿಸುವುದು ಕಾರಿನವನಿಗೆ ಅತಿ ಸುಲಭವಾದ ಔದಾರ್ಯ. ಯಾವನ ಗಾಡಿ ಹೆಚ್ಚು ಭಾರವೋ, ಯಾವನ ಕೈಯಲ್ಲಿ ಇನ್ನೊಬ್ಬನನ್ನು ಕೊಲ್ಲುವ ಶಕ್ತಿಯಿದೆಯೋ, ಅವನೇ ಮೊದಲು ನಿಲ್ಲತಕ್ಕದ್ದು, ಅವನೇ ಮೊದಲು ಸರಿಯತಕ್ಕದ್ದು. ಇಷ್ಟೇ ನಾನು ಪ್ರತಿಪಾದಿಸಬೇಕೆಂದಿರುವ ವಿಷಯ.

ಈ ತತ್ತ್ವವು ನನ್ನ ಕಲ್ಪನೆಯದಲ್ಲ. ಬ್ರಿಟನ್ನಿನ ಹೆದ್ದಾರಿ ಸಂಹಿತೆಯನ್ನು 2022ರ ಜನವರಿಯಲ್ಲಿ ತಿದ್ದಿದಾಗ ಇದನ್ನೇ ಅದರ ಮೊದಲ ನಿಯಮಗಳಲ್ಲಿ ಸೇರಿಸಿದರು: ಹೆಚ್ಚು ಹಾನಿ ಮಾಡಬಲ್ಲವನ ಹೊಣೆ ಹೆಚ್ಚು. ಸೈಕಲ್ಲನ್ನು ಹಿಂದಿಕ್ಕುವಾಗ ಕನಿಷ್ಠ ಒಂದೂವರೆ ಮೀಟರಿನ ಅಂತರವಿರಬೇಕೆಂಬುದನ್ನೂ ಆಗಲೇ ಸಂಹಿತೆಗೆ ಸೇರಿಸಿದರು. ನೆದರ್ಲೆಂಡ್ಸಿನ ಕಥೆ ಇದಕ್ಕಿಂತ ಹೃದಯದ್ರಾವಕವಾದುದು. ಸೈಕಲ್ಲಿನ ಸ್ವರ್ಗವೆಂದು ಇಂದು ಎಲ್ಲರೂ ಹೊಗಳುವ ಆ ದೇಶದಲ್ಲಿ 1971ರ ಒಂದೇ ವರ್ಷ 3,000ಕ್ಕೂ ಮಿಕ್ಕ ಜನ ರಸ್ತೆಗಳಲ್ಲಿ ಮಡಿದರು, ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತನೊಬ್ಬನು ಮಕ್ಕಳ ಕೊಲೆಯನ್ನು ನಿಲ್ಲಿಸಿರೆಂದು ಮರುವರ್ಷ ಬರೆದ ಲೇಖನವು ತಾಯಿತಂದೆಯರನ್ನು ಬೀದಿಗಿಳಿಸಿತು. ಆ ಚಳವಳಿಯ ಒತ್ತಾಯದಿಂದಲೇ ಅಲ್ಲಿಯ ಸೈಕಲ್ ಪಥಗಳು ವಿಸ್ತರಿಸಿದವು, ನಗರಗಳು ಬದಲಾದವು. ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ಅವರಲ್ಲಿ ಅರ್ಧಕ್ಕಿಂತಲೂ ಹೆಚ್ಚಿನವರು ದ್ವಿಚಕ್ರ ವಾಹನದವರು ಮತ್ತು ಪಾದಚಾರಿಗಳು, ಎಂದರೆ ತಮ್ಮ ಸುತ್ತ ಉಕ್ಕಿನ ಕವಚವಿಲ್ಲದವರು.

ನಮ್ಮಲ್ಲಿ ಸೈಕಲ್ಲಿಗೆ ಒಂದು ಕಾಲದಲ್ಲಿ ಸ್ಥಾನವಿತ್ತು. ಪುರಸಭೆಗಳು ಸೈಕಲ್ಲಿಗೂ ತೆರಿಗೆ ವಿಧಿಸಿ ಬಿಲ್ಲೆ ಕೊಡುತ್ತಿದ್ದವು. ರಾತ್ರಿ ದೀಪವಿಲ್ಲದೆ ಹೊರಟವನನ್ನೂ, ಇನ್ನೊಬ್ಬನನ್ನು ಕೂರಿಸಿಕೊಂಡವನನ್ನೂ ಪೊಲೀಸರು ತಡೆಯುತ್ತಿದ್ದರು. ಬಡವನ ಮೇಲಣ ಆ ತೆರಿಗೆ ಹೋದುದು ಒಳ್ಳೆಯದಾಯಿತು, ಸಂದೇಹವಿಲ್ಲ. ಆದರೆ ತೆರಿಗೆ ಹೋದೊಡನೆ ಸೈಕಲ್ಲು ಅಧಿಕಾರಿಗಳ ಕಡತದಿಂದಲೇ ಕಣ್ಮರೆಯಾಯಿತು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಅದು ಮೋಟಾರು ವಾಹನವಲ್ಲ, ಆದುದರಿಂದ ಪರವಾನಗಿಯಿಲ್ಲ, ನೋಂದಣಿಯಿಲ್ಲ, ಅದರ ಲೆಕ್ಕ ಇಡುವವರಿಲ್ಲ. ಸೈಕಲ್ ಪಥಗಳನ್ನು ಹೇಗೆ ನಿರ್ಮಿಸಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು 1962ರಷ್ಟು ಹಿಂದೆಯೇ ಶಿಫಾರಸುಗಳನ್ನು ಪ್ರಕಟಿಸಿತ್ತು. ನಮ್ಮ ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯವೂ ನಡೆಯುವವರ ಮತ್ತು ಸೈಕಲ್ ತುಳಿಯುವವರ ಹಕ್ಕುಗಳಿಗಾಗಿ 2021ರಲ್ಲಿ ಒಂದು ಮಸೂದೆಯ ಕರಡನ್ನು ಸಿದ್ಧಪಡಿಸಿತು. ಕಾಗದಕ್ಕೆ ಕೊರತೆಯಿಲ್ಲ, ಆದರೆ ರಸ್ತೆ ಅಗಲವಾದಾಗಲೆಲ್ಲ ಹೊಸತಾಗಿ ದೊರೆತ ಜಾಗವನ್ನು ನಿಂತ ಕಾರುಗಳೂ ತಳ್ಳುಬಂಡಿಗಳೂ ಆಕ್ರಮಿಸುತ್ತವೆ, ಸೈಕಲ್ಲಿನವನು ಹಿಂದೆ ಇದ್ದಲ್ಲಿಯೇ ಉಳಿಯುತ್ತಾನೆ, ಅವನ ಪಕ್ಕದಲ್ಲಿ ಹಾಯುವ ಗಾಡಿಯ ವೇಗ ಮಾತ್ರ ಇಮ್ಮಡಿಯಾಗುತ್ತದೆ.

ಸುರಪುರದಲ್ಲಿ ಅಪಾಯದ ಸ್ವರೂಪವೇ ಬೇರೆ. ಮೇಲಿನ ಪೇಟೆಯಿಂದ ಕೆಳಕ್ಕೆ, ರಂಗಂಪೇಟೆಯ ಕಡೆಗೆ ಇಳಿಯುವಾಗ ಸೈಕಲ್ಲು ತಾನಾಗಿಯೇ ವೇಗ ಪಡೆಯುತ್ತದೆ. ಹಳೆಯ ಬ್ರೇಕಿನ ರಬ್ಬರು ಸವೆದಿರುತ್ತದೆ. ಹುಡುಗರು ಚಪ್ಪಲಿಯನ್ನು ನೆಲಕ್ಕೆ ಒರಸುತ್ತ ಇಳಿಯುತ್ತಾರೆ. ಅಂಥ ಇಳಿಜಾರಿನಲ್ಲಿ, ಅಂಗಡಿಯ ಮುಂದೆ ನಿಂತ ಕಾರಿನ ಬಾಗಿಲು ಹಠಾತ್ತನೆ ತೆರೆಯಿತೆಂದರೆ ಸವಾರನಿಗೆ ಬಾಗಿಲಿಗೆ ಬಡಿಯುವುದು ಅಥವಾ ಹಿಂದಿನಿಂದ ಬರುವ ಟಂಟಂಗೆ ಅಡ್ಡ ಬೀಳುವುದು, ಇವೆರಡರ ಹೊರತು ಮೂರನೆಯ ಗತಿಯಿಲ್ಲ. ಡಚ್ಚರಲ್ಲಿ ಇದಕ್ಕೆ ಒಂದು ಸರಳ ಅಭ್ಯಾಸವಿದೆ: ಬಾಗಿಲ ಬದಿಯ ಕೈಯಿಂದ ತೆರೆಯದೆ, ದೂರದ ಕೈಯನ್ನು ಚಾಚಿ ತೆರೆಯುವುದು. ನಮ್ಮಲ್ಲಿ ಚಾಲಕನು ಬಲಗಡೆ ಕುಳಿತಿರುವುದರಿಂದ ಎಡಗೈಯನ್ನು ಬಲಬಾಗಿಲಿಗೆ ಒಯ್ಯಬೇಕು. ಹಾಗೆ ಮಾಡಿದೊಡನೆ ಎದೆಯೂ ಭುಜವೂ ತಾವಾಗಿ ತಿರುಗಿ, ಹಿಂದಿನಿಂದ ಬರುತ್ತಿರುವವನು ಕಣ್ಣಿಗೆ ಬೀಳುತ್ತಾನೆ. ಇದಕ್ಕೆ ಯಾವ ಇಲಾಖೆಯ ಅನುಮತಿಯೂ ಬೇಕಿಲ್ಲ, ನಯಾಪೈಸೆಯ ವೆಚ್ಚವಿಲ್ಲ.

ಶಹಾಪುರದಲ್ಲಿ ಭಯವು ಹತ್ತಿಯ ಕಾಲದಲ್ಲಿ ಉಲ್ಬಣಿಸುತ್ತದೆ. ಕೃಷ್ಣೆಯ ಕಾಲುವೆಗಳು ಬಂದ ಮೇಲೆ ಈ ಭಾಗದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿಗಳು ವಿಪುಲವಾಗಿ ಬೆಳೆಯುತ್ತವೆ. ಸಂತೋಷದ ವಿಷಯವೇ. ಆದರೆ ಟ್ರೇಲರಿನ ಎರಡೂ ಪಕ್ಕಕ್ಕೆ ಉಬ್ಬಿದ ಹತ್ತಿಯನ್ನು ಹೇರಿಕೊಂಡು ಹಿಂಬದಿಯಲ್ಲಿ ದೀಪವೂ ಹೊಳೆಯುವ ಪಟ್ಟಿಯೂ ಇಲ್ಲದೆ ರಾತ್ರಿ ಹೊರಡುವ ಟ್ರ್ಯಾಕ್ಟರು ಸೈಕಲ್ಲಿನವನನ್ನು ಹಿಂದಿಕ್ಕುವಾಗ, ಇಂಜಿನ್ನು ದಾಟಿತೆಂದು ಅವನು ಉಸಿರುಬಿಡುವಷ್ಟರಲ್ಲಿ ಅಗಲವಾದ ಹೊರೆ ಬಂದು ಭುಜಕ್ಕೆ ತಾಗುತ್ತದೆ. ಎದುರಿನಿಂದ ಬರುವ ಲಾರಿಯವನು ಡಿಪ್ಪರ್ ಹಾಕದೆ ಕಣ್ಣು ಕೋರೈಸಿದರೆ, ಆ ಕೆಲವು ಕ್ಷಣ ಸವಾರನು ಕುರುಡನೇ ಸರಿ. ಯಾದಗಿರಿಯಿಂದ ಶಹಾಪುರಕ್ಕೆ ಬರುವ ದಾರಿಯಲ್ಲಿ ಭೀಮಾ ಸೇತುವೆಯ ಮೇಲೆ ಈ ಸ್ಥಿತಿ ಒದಗಿದರೆ ಇಳಿಯಲು ಕಚ್ಚಾ ಅಂಚೂ ಇರುವುದಿಲ್ಲ. ಸೇತುವೆಯ ಮೇಲೆ ಸೈಕಲ್ಲನ್ನು ಹಿಂದಿಕ್ಕಲೇಬಾರದು. ಅದು ದಾಟುವ ತನಕ ಅದರ ಹಿಂದೆಯೇ ತಾಳ್ಮೆಯಿಂದ ಬರಬೇಕು. ಲಾರಿಯ ಚಾಲಕರಲ್ಲಿ ಹಾಗೆ ಬರುವವರು ಇದ್ದಾರೆ. ದಿನವೆಲ್ಲ ದುಡಿದು ದಣಿದ ಆ ಮನುಷ್ಯರು, ಕಿಟಕಿಯಿಂದ ಕೈ ಹೊರಚಾಚಿ ಹಿಂದಿನವರನ್ನೂ ತಡೆದು, “ಹೋಗ್ರಿ ಕಾಕಾ, ಗಡಿಬಿಡಿ ಇಲ್ಲ” ಎನ್ನುವುದನ್ನು ಕೇಳಿದಾಗ, ಈ ನೆಲದ ಹಳೆಯ ಸೌಜನ್ಯವು ಇನ್ನೂ ಬತ್ತಿಲ್ಲವೆಂದು ನನಗೆ ಧೈರ್ಯ ಬರುತ್ತದೆ.

ಸವಾರರಿಗೆ ಕರ್ತವ್ಯಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಸಮೀಪವಾಗುವುದೆಂದು ಎದುರುದಿಕ್ಕಿನಲ್ಲಿ ಬರುವುದು, ಮೂವರು ಗೆಳೆಯರು ಹರಟುತ್ತ ಸಾಲಾಗಿ ರಸ್ತೆಯನ್ನೆಲ್ಲ ತುಂಬುವುದು, ಕೈತೋರದೆ ತಿರುಗುವುದು, ಇವು ತಪ್ಪು. ಕತ್ತಲಾದ ಮೇಲೆ ಹಿಂದಿನ ಮಡ್‌ಗಾರ್ಡಿಗೆ ಕೆಂಪು ಪ್ರತಿಫಲಕವೊಂದನ್ನಾದರೂ ಅಂಟಿಸಿಕೊಳ್ಳದೆ ಹೊರಡುವುದು ತನ್ನ ಪ್ರಾಣಕ್ಕೂ ಚಾಲಕನ ನೆಮ್ಮದಿಗೂ ಮಾಡುವ ಅನ್ಯಾಯ. ಆದರೆ ಸವಾರನ ತಪ್ಪಿಗೆ ದಂಡ ತೆರುವವನು ಬಹುತೇಕ ಸವಾರನೇ. ಚಾಲಕನ ತಪ್ಪಿಗೂ ದಂಡ ತೆರುವವನು ಅವನೇ. ಈ ಎರಡು ತಪ್ಪುಗಳನ್ನು ಒಂದೇ ತಕ್ಕಡಿಯಲ್ಲಿಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹೆಣ್ಣುಮಕ್ಕಳ ಮಾತನ್ನು ಕಡೆಗೆ ಉಳಿಸಿಕೊಂಡಿದ್ದೇನೆ, ಅದು ಎಲ್ಲಕ್ಕಿಂತ ಗುರುತರವಾದುದರಿಂದ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡ 51.83, ರಾಜ್ಯದಲ್ಲಿಯೇ ಅತ್ಯಂತ ಕಡಿಮೆ. ಅಂಥ ಜಿಲ್ಲೆಯಲ್ಲಿ, 2006-07ರಲ್ಲಿ ಆರಂಭವಾದ ಸರಕಾರದ ಉಚಿತ ಸೈಕಲ್ ಯೋಜನೆಯು ಎಂಟನೆಯ ತರಗತಿಯ ಬಾಲಿಕೆಗೆ ಏನಾಗಿ ಒದಗಿತೆಂಬುದನ್ನು ಬಲ್ಲವರೇ ಬಲ್ಲರು. ಏಳನೆಯ ತರಗತಿಯ ತನಕ ಊರಿನಲ್ಲಿ ಶಾಲೆ. ಮುಂದಿನದು ಪಕ್ಕದೂರಿನಲ್ಲಿ ಅಥವಾ ಪಟ್ಟಣದಲ್ಲಿ. ನಡುವಣ ಮೂರು ನಾಲ್ಕು ಕಿಲೋಮೀಟರಿನ ಹಾದಿಯೇ ಎಷ್ಟೋ ಹುಡುಗಿಯರ ವಿದ್ಯೆಗೆ ಕೊನೆಯಾಗುತ್ತಿತ್ತು. ಆ ಹಾದಿಯನ್ನು ಸೈಕಲ್ಲು ಕಿರಿದುಮಾಡಿತು. ಕೋವಿಡ್ ವರ್ಷವಾದ 2020-21ರಲ್ಲಿ ಯೋಜನೆ ನಿಂತಿತು, ವರ್ಷಗಟ್ಟಲೆ ಮತ್ತೆ ಆರಂಭವಾಗಲಿಲ್ಲ. 2023ರ ಜೂನಿನಿಂದ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾಗಿದೆ ನಿಜ. ಆದರೆ ಎಲ್ಲ ಹಳ್ಳಿಗೂ ಶಾಲೆಯ ಗಂಟೆಗೆ ಸರಿಯಾಗಿ ಬಸ್ಸು ಬರುವುದಿಲ್ಲ, ಬಂದದ್ದು ತುಂಬಿರುತ್ತದೆ. “ಗಾಡಿ ಭಾಳ ಆಗ್ಯಾವ್ರೀ, ಹುಡುಗಿನ್ನ ಸೈಕಲ್ ಮ್ಯಾಲ ಕಳಸಾಕ ಜೀವ ಹೆದರತೈತಿ” ಎನ್ನುವ ತಾಯಿಯ ಮಾತಿನಲ್ಲಿ, ಚಾಲಕರ ಅವಿನಯವು ಒಂದು ಮಗುವಿನ ಶಾಲೆಯನ್ನೇ ಬಿಡಿಸುವಷ್ಟು ದೂರ ಹೋಗುವುದೆಂಬುದು ಸ್ಪಷ್ಟವಾಗುತ್ತದೆ.

ಆದುದರಿಂದ ಸೈಕಲ್ಲುಗಳನ್ನು ಸರಕಾರ ಮತ್ತೆ ಕೊಡಲಿ, ಪ್ರತಿಫಲಕ ಮತ್ತು ಗಂಟೆಯೊಡನೆ ಕೊಡಲಿ. ಕೊಡುವ ದಿನ ಗಣ್ಯರ ಭಾಷಣಗಳಿಗೆ ಬದಲಾಗಿ ಆ ಮಾರ್ಗದ ಬಸ್ ಚಾಲಕರನ್ನೂ, ಊರಿನ ಟಂಟಂ, ಟ್ರ್ಯಾಕ್ಟರ್ ಚಾಲಕರನ್ನೂ ಶಾಲೆಯ ಅಂಗಳಕ್ಕೆ ಕರೆಯಬೇಕು. ಮಕ್ಕಳನ್ನು ಒಬ್ಬೊಬ್ಬರಾಗಿ ಬಸ್ಸಿನ ಚಾಲಕನ ಆಸನದಲ್ಲಿ ಕೂರಿಸಿ, ಎಡಮಗ್ಗುಲಿಗೆ ತೀರ ಹತ್ತಿರ ನಿಂತ ಸೈಕಲ್ಲು ಅಲ್ಲಿಂದ ಕಾಣುವುದಿಲ್ಲವೆಂಬುದನ್ನು ತೋರಿಸಬೇಕು. ಬಳಿಕ ಚಾಲಕರನ್ನು ಸೈಕಲ್ಲಿನ ಮೇಲೆ ಕೂರಿಸಿ, ಅವರ ಪಕ್ಕದಲ್ಲಿ ಅವರದೇ ಬಸ್ಸನ್ನು ಒಂದು ಮೊಳದ ಅಂತರದಲ್ಲಿ ನಿಧಾನವಾಗಿ ಓಡಿಸಬೇಕು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಘಟಕಗಳು ಯಾದಗಿರಿ, ಶಹಾಪುರ, ಸುರಪುರ, ಮೂರೂ ಕಡೆ ಇವೆ. ಶಿಕ್ಷಣ ಇಲಾಖೆಯವರು ಘಟಕದ ವ್ಯವಸ್ಥಾಪಕರಿಗೆ ಒಂದು ಪತ್ರ ಬರೆದರೆ, ಶಾಲೆಗಳು ಪುನಃ ತೆರೆಯುವ ಮೊದಲ ವಾರದಲ್ಲಿಯೇ ಇದನ್ನು ನಡೆಸಬಹುದು.